ನಮ್ಮೂರಿನ ಸೊನ್ನೆ

ಬಿಳಿಗಲ್ಲಕೊಪ್ಪ, ಬನವಾಸಿ ಹೋಬಳಿ
ಶಿರಸಿ ತಾಲೂಕು
೨೬ ಏಪ್ರಿಲ್ ೨೦೨೫

ಪ್ರೀತಿಯ ಮಗಳು ದಾಕ್ಷಾಯಿಣಿಗೆ, ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕುತ್ತಿಗೆ ನೋವು ಈಗ ಹೇಗಿದೆ? ವಿಮಾನದಲ್ಲಿ ಕೂತು ಕೂತು ಬಂದದ್ದು ಅದು, ನಿಮ್ಮ ದಿಲ್ಲಿಯ ಡಾಕ್ಟರರು ಏನೇ ಹೇಳಲಿ. ಡಾಕ್ಟರಿಗೇ ಔಷಧ ಹೇಳುವಷ್ಟು ದೊಡ್ಡವನಲ್ಲ ನಾನು, ಆದರೂ ರಾತ್ರಿ ಮಲಗುವಾಗ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಹಚ್ಚಿಕೋ. ಅಲ್ಲಿ ಈಗಲೇ ಬಿಸಿಲು ನೆತ್ತಿ ಸುಡುತ್ತಿದೆ ಎಂದು ಟೀವಿಯಲ್ಲಿ ನೋಡಿದೆ. ಮಜ್ಜಿಗೆ ಕುಡಿ, ಆಫೀಸಿನ ಕರಿ ಕಾಫಿ ಸಾಕು. ಅಳಿಯಂದಿರ ಸಕ್ಕರೆ ಹತೋಟಿಯಲ್ಲಿದೆಯೇ? ಪ್ರಥಮನ ಪರೀಕ್ಷೆ ಮುಗಿದಿರಬೇಕು. ಅವನು ಕನ್ನಡ ಓದಲು ಕಲಿತಿದ್ದರೆ ಈ ಕಾಗದದಲ್ಲಿ ಅವನಿಗೂ ಎರಡು ಸಾಲು ಬರೆಯುತ್ತಿದ್ದೆ. ರೂಢಿಯ ಹಾಗೆ, ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯಲು ಪೆನ್ನು ತಾನಾಗಿಯೇ ಹೊರಟಿತ್ತು. ಹಿಡಿದು ನಿಲ್ಲಿಸಿದೆ. ನಿನ್ನ ಚಿಗವ್ವ ಸಿದ್ದವ್ವನಿಗೆ ಜ್ವರ, ಮಗಳೇ. ಮುಚ್ಚಿಟ್ಟ ಜ್ವರ.

ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಎಂದು ಕೇಳುತ್ತೀಯ. ನನ್ನ ಫೋನನ್ನು ನಿನ್ನ ತಮ್ಮ ವಿನೋದ ಚಾರ್ಜಿಗೆ ಹಾಕಿದ್ದಾನೆ. ಹಾಕಿದ ದಿನದಿಂದ ಅದು ಅವನ ಜೇಬಿನಲ್ಲೇ ಚಾರ್ಜ್ ಆಗುತ್ತಿದೆ. ನೀನು ಫೋನ್ ಮಾಡಿದಾಗ ಅವನೇ ಸ್ಪೀಕರ್ ಹಾಕಿ ನನ್ನ ಮುಖದ ಮುಂದೆ ಹಿಡಿಯುತ್ತಾನೆ. ಸೊಸೆ ಪ್ರತಿಭಾ ಪಕ್ಕದಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಾಳೆ. ನಿನ್ನೆ ನೀನು ಚಿಗವ್ವ ಎಲ್ಲಿ ಎಂದು ಕೇಳಿದಾಗ 'ಹಪ್ಪಳ ಒಣಗಸಾಕತ್ತಾರ್ರಿ ಅಕ್ಕಾರ' ಎಂದವಳು ಅವಳೇ. ನಾನೂ ಹೂಂಗುಟ್ಟಿದೆ. ಆಗ ಸಿದ್ದವ್ವ ಹಿಂದಿನ ಖೋಲಿಯಲ್ಲಿ ಕಂಬಳಿ ಹೊದ್ದು ನರಳುತ್ತಿದ್ದಳು. ಈಗ ಮಧ್ಯಾಹ್ನ, ಉಂಡವರೆಲ್ಲ ಅಡ್ಡಾಗಿದ್ದಾರೆ. ನಾನು ಅನಾನಸ್ ತುಂಬುವ ಶೆಡ್ಡಿನಲ್ಲಿ ಖಾಲಿ ಕ್ರೇಟಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಕೆರೆಯಾಚೆಯ ಕೆರಿಯಪ್ಪ ಸಂಜೆ ಶಿರಸಿಗೆ ಹೋಗುವವನಿದ್ದಾನೆ, ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ ಎಂದಿದ್ದಾನೆ. ಮನೆಯವರ ಕೈಗೆ ಕೊಟ್ಟರೆ ಇದೂ ಚಾರ್ಜಿಗೆ ಹೋಗುತ್ತದೆ.

ಟು ಕಮ್ ಟು ದಿ ಪಾಯಿಂಟ್. ವಿನೋದನ ಮಗಳು ದೀಕ್ಷಿತಾಳ ಮದುವೆ ಬಸವ ಜಯಂತಿ ಮುಗಿದ ಮರುವಾರ ಎಂಬುದು ನಿನಗೆ ಗೊತ್ತು. ನೀನು ಅಷ್ಟರಲ್ಲಿ ಜಿನೀವಾದ ತಯಾರಿಯಲ್ಲಿರುತ್ತೀ, ಬರಲಾಗುವುದಿಲ್ಲ ಎಂದೂ ಹೇಳಿದ್ದೀ. ನಿನ್ನ ಸೋದರ ಸೊಸೆಗೆ ಬೇಜಾರಾಗಿದೆ, ಆದರೆ 'ಅತ್ತಿ ಇಡೀ ಜಗತ್ತಿಗೆ ಅತ್ತಿ' ಎಂದು ನಗಾಡಿ ಸುಮ್ಮನಾದಳು. ಗಂಡಿನ ಕಡೆಯವರು ಯಲ್ಲಾಪುರದವರು, ಲಾರಿ ಇಟ್ಟವರು. ಹುಡುಗ ಕಾರ್ತಿಕ ಮಾತು ಕಡಿಮೆ, ನೋಟ ಒಳ್ಳೆಯದು. ಅವರ ಮನೆಯ ಹಿರಿಯರು ಕಲ್ಯಾಣ ಮಂಟಪ ಬೇಡ ಎಂದರು. 'ನಿಮ್ಮ ಅಂಗಳದಾಗ ಹಸರ ಸೊಪ್ಪಿನ ಹಂದರ ಹಾಕ್ರಿ, ನಾವು ಹಳೇ ಪದ್ಧತಿಯವ್ರು' ಎಂದರು. ಆಗಬಹುದು ಎಂದೆವು. ಬೇಡ ಎನ್ನುವ ಸ್ಥಿತಿಯಲ್ಲಿ ನಾವಿದ್ದೆವೇ? ಹೋದ ವರ್ಷ ಬಂದ ಎರಡು ಸಂಬಂಧಗಳು ಅಂಗಳದವರೆಗೆ ಬಂದು ತಿರುಗಿದ್ದವು. 'ಹುಡುಗಿ ಚಲೋ ಅದಾಳ್ರಿ, ನಿಮ್ಮ ಕಡೆ ಆ ಮಂಗ್ಯಾನ ಬ್ಯಾನಿ ಐತೆಂತಲ್ಲ' ಎಂದು ಚಹಾ ಕೂಡ ಪೂರ್ತಿ ಕುಡಿಯದೆ ಎದ್ದಿದ್ದರು.

ಊರಿಗೆ ಆ ಕೆಟ್ಟ ಹೆಸರು ಬಂದದ್ದು ಕೆರಿಯಪ್ಪನಿಂದ. ಹೋದ ವರ್ಷ ಅವನ ಕೇರಿಯ ಹಿಂದೆ ಒಂದು ಮಂಗ ಸತ್ತಾಗ ನೀನು ರೇಡಿಯೋದಲ್ಲಿ ಹೇಳಿದ ಹಾಗೆಯೇ ಅವನು ಮುಟ್ಟದೆ ದೂರ ನಿಂತು ಫೋನ್ ಮಾಡಿದ. ಆರೋಗ್ಯ ಇಲಾಖೆಯವರು ಬಂದರು, ಪುಡಿ ಹೊಡೆದರು, ಮೈಗೆ ಹಚ್ಚಲು ಎಣ್ಣೆ ಕೊಟ್ಟರು, ರಸ್ತೆಯ ತಿರುವಿನಲ್ಲಿ ಕೆಂಪು ಅಕ್ಷರದ ಬೋರ್ಡ್ ನಿಲ್ಲಿಸಿದರು, ಕಾಡಿಗೆ ಕಾಲಿಡಬೇಡಿ ಎಂದರು. ಎಲ್ಲವೂ ಸರಿಯೇ. ಆದರೆ ಅದು ಶುಂಠಿ ಹಾಕುವ ಹೊತ್ತು. ಮಡಿ ಮಾಡಿ ಬೀಜ ಊರಿದ ಮೇಲೆ ಕಾಡಿನ ಸೊಪ್ಪು ತಂದು ಹೊದಿಸದಿದ್ದರೆ ಬಿಸಿಲಿಗೆ ಬೀಜವೇ ಬೆಂದುಹೋಗುತ್ತದೆ, ನಿನಗೆ ಗೊತ್ತಿಲ್ಲದ್ದಲ್ಲ. ಆ ಕೇರಿಯ ಅರ್ಧಕ್ಕರ್ಧ ಶುಂಠಿ ಏಳಲಿಲ್ಲ. ಅನಾನಸ್ ಲಾರಿಯ ಡ್ರೈವರ್ ಬೋರ್ಡ್ ನೋಡಿ ಗಾಡಿ ತಿರುಗಿಸಿಕೊಂಡು ಹೋದ. ಅಂದಿನಿಂದ ಊರಿನವರ ಬಾಯಲ್ಲಿ ಅವನು ಬೋರ್ಡ್ ಕೆರ್ಯಪ್ಪ. ಮಕ್ಕಳೂ ಹಾಗೇ ಕರೆಯುತ್ತಾರೆ. ಅವನು ಎದುರು ಬಂದರೆ 'ಏನಪಾ ಬೋರ್ಡು, ಇವತ್ತ ಯಾರ ಮನಿಮುಂದ ನಿಲ್ತಿ?' ಎನ್ನುತ್ತಾರೆ. ಅವನು ನಗುತ್ತಾನೆ. ಅವನ ನಗು ನನಗೆ ನೋಡಲಾಗುವುದಿಲ್ಲ.

ಕಾಡು ಮುಚ್ಚುವ ಈ ನಿಯಮ ಬರೆದವಳು ನೀನೇ ಎಂಬುದು ಊರಿಗೆಲ್ಲ ಗೊತ್ತು. ಅದರಲ್ಲಿ ಕತ್ತರಿಸಿಹೋದ ಸಾಲೊಂದಿತ್ತು ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ಕಾಡು ಮುಚ್ಚಿದಷ್ಟು ದಿನ ಸೊಪ್ಪಿಗೂ ಉರುವಲಿಗೂ ಬದಲಿಯನ್ನು ಸರ್ಕಾರವೇ ಕೊಡಬೇಕು ಎಂದು ನೀನು ಬರೆದಿದ್ದೆ. ಮೇಲಿನವರು ಆ ಸಾಲನ್ನು ತೆಗೆದರು. ಅವತ್ತು ನೀನು ಫೋನಿನಲ್ಲಿ 'ಅರ್ಧಾ ಕಾನೂನ ಪಾಸಾತಪಾ' ಎಂದೆ. ನಾನು ಇದನ್ನು ಕಟ್ಟೆಯ ಮೇಲೆ ಹೇಳಿ ನೋಡಿದೆ. 'ಪಾಸಾದ ಅರ್ಧಾ ನಮ್ಮ ಪಾಲಿಗೆ ಬಂತಲ್ರಿ' ಎಂದರು.

ನೀನು ಹೋದ ತಿಂಗಳು ಎಷ್ಟು ಖುಷಿಯಲ್ಲಿದ್ದೆ. ಲೋಕದ ಆರೋಗ್ಯ ಮಂತ್ರಿಗಳೆಲ್ಲ ಕೂಡುವ ಸಭೆಯಲ್ಲಿ ನಿನ್ನ ವಿಭಾಗ ಮಾತಾಡಬೇಕು, ಉದಾಹರಣೆಗೆ ನಮ್ಮ ಸೀಮೆಯನ್ನೇ ಇಟ್ಟುಕೊಂಡಿದ್ದೇನೆ ಎಂದೆ. 'ಜನಾ ತಾವ ಕಣ್ಣಿಟ್ಟು ಕಾಯೋ ಊರು ಅಪ್ಪಾ. ನಮ್ಮೂರಾಗ ಈ ವರ್ಷ ಸೊನ್ನಿ! ಒಂದ ಮಂಗ್ಯಾನೂ ಸತ್ತಿಲ್ಲ, ಒಂದ ಕೇಸೂ ಇಲ್ಲ.' ಅವತ್ತಿಗೆ ಅದು ನಿಜವೇ ಆಗಿತ್ತು. ನನಗೂ ಎದೆ ಉಬ್ಬಿತು. ಹುಬ್ಬಳ್ಳಿಯಲ್ಲಿ ಓದು ಮುಗಿಸಿ ನೀನು ಸಿದ್ದಾಪುರ ತಾಲೂಕಿನ ಆರೋಗ್ಯ ಕೇಂದ್ರಕ್ಕೆ ಬಂದಾಗ ನಿನ್ನ ವಾರಿಗೆಯವರು ನರ್ಸಿಂಗ್ ಹೋಮ್ ಕಟ್ಟುವ ಮಾತಾಡುತ್ತಿದ್ದರು. ನೀನು ನಿಲ್ಕುಂದದ ಕಡೆ ಸ್ಕೂಟರಿನ ಮೇಲೆ ಜ್ವರದ ಮನೆ ಹುಡುಕುತ್ತ ತಿರುಗುತ್ತಿದ್ದೆ. ನಿನ್ನ ಅವ್ವ ಮುರಿಗೆವ್ವ ಆಗ ಇನ್ನೂ ಇದ್ದಳು. 'ಡಾಕ್ಟರಿಕಿ ಓದಿಸಿದ್ದು ಮಂಗ್ಯಾನ ಹಿಂದ ಓಡಾಕೇನ?' ಎಂದು ಬೈಯುತ್ತಲೇ ನಿನಗೆ ಕಾಲು ಮುಚ್ಚುವ ಪೈಜಾಮ ಹೊಲಿಸಿದಳು. ಆಮೇಲೆ ದಿಲ್ಲಿ, ಆಮೇಲೆ ಆಫ್ರಿಕಾದ ಜ್ವರ, ಕೊರೋನಾದ ವರ್ಷ ನೀನು ಆಫೀಸಿನಲ್ಲೇ ಚಾಪೆ ಹಾಸಿದ್ದು. ಈಗಿನ ನಿನ್ನ ವಿಭಾಗದ ಹೆಸರು ಎರಡು ಸಾಲು ಉದ್ದ ಇದೆ. ಅದರಲ್ಲಿ ಬಯೋ ಡಿಫೆನ್ಸ್ ಎಂಬ ಮಾತು ನೋಡಿ ನಿನ್ನನ್ನು ಮಿಲಿಟರಿಗೆ ಹಾಕಿದರೋ ಏನೋ ಎಂದು ಹೆದರಿದ್ದೆ. ನೀನು ನಕ್ಕೆ. 'ಬಂದೂಕ ಎಲ್ಲೀದಪಾ. ರೋಗ ತಾನ ಬರ್ಲಿ, ಯಾರರ ಬೇಕಂತ ಬಿಡ್ಲಿ, ಮೊದಲ ಗೊತ್ತಾಗೂದು ಯಾವ್ದೋ ಹಳ್ಳ್ಯಾಗ ಒಬ್ಬ ಮನಶ್ಯಾ ಫೋನ್ ಮಾಡಿದಾಗ. ಅವ ಮಾಡ್ಲಿಲ್ಲ ಅಂದ್ರ ನಮ್ಮ ಇಷ್ಟೂ ಆಫೀಸ್ ಸುಮ್ನ.'

ಆ ಮನುಷ್ಯ ನಾನೇ ಆಗಿಬಿಟ್ಟೆ, ಮಗಳೇ. ಮತ್ತು ನಾನು ಮಾಡಲಿಲ್ಲ.

ಯುಗಾದಿ ಮುಗಿದ ಮರುವಾರ ಒಂದು ಮಂಗ ಹಿತ್ತಲಿನ ಹಲಸಿನ ಮರದಿಂದ ಇಳಿದು ಕುಡಿದವರ ಹಾಗೆ ತೂರಾಡುತ್ತ ಬಂದು ನಮ್ಮ ಬಾವಿಕಟ್ಟೆಗೆ ಒರಗಿ ಜೀವ ಬಿಟ್ಟಿತು. ಊರೊಳಗೆ ಸತ್ತ ಮಂಗನನ್ನು ನಮ್ಮವರು ಬಿಸಾಡುವುದಿಲ್ಲ. ನಮಗೆ ನಾವು ಮಾಡಿಕೊಳ್ಳುವ ಹಾಗೆಯೇ ನೀರೆರೆದು, ವಿಭೂತಿ ಹಚ್ಚಿ, ಕುಣಿಯಲ್ಲಿ ಕೂಡಿಸಿ ಮಣ್ಣು ಕೊಡುತ್ತಾರೆ. ಮುಟ್ಟಬೇಡ, ದಾಕ್ಷು ಹೇಳಿದ್ದಾಳೆ, ಫೋನ್ ಮಾಡೋಣ ಎಂದು ನಾನು ಕೂಗಿದೆ. ಅಷ್ಟರಲ್ಲಿ ಸಿದ್ದವ್ವ ಬಿಂದಿಗೆ ಎತ್ತಿಯಾಗಿತ್ತು. 'ಹನುಮಪ್ಪ ನಮ್ಮ ಬಾವೀತನಾ ನಡಕೋತ ಬಂದು ಜೀವಾ ಬಿಟ್ಟಾನ. ಸೀಮೆಎಣ್ಣಿ ಹಾಕಿ ಸುಡಾಕ ಕೊಡ್ಲೇನ್ರಿ ಭಾವಾರ? ದಾಕ್ಷು ಬೈತಾಳ, ಬೈಲಿ. ಆಕಿಗೆ ಹೇಳಾವ್ರ ಯಾರು?' ಎಂದು ನಕ್ಕಳು. ಮಗುವಿಗೆ ಎರೆದ ಹಾಗೆ ಅರಿಶಿನದ ನೀರು ಹಾಕಿ, ಸೆರಗಿನಲ್ಲಿ ಮೈ ಒರೆಸಿ, ತೊಡೆಯ ಮೇಲೆ ಕೂಡಿಸಿಕೊಂಡು ವಿಭೂತಿ ಹಚ್ಚಿದಳು. ಸತ್ತ ಮಂಗನ ಮೈಯಿಂದ ಇಳಿದು ಬೆಚ್ಚಗಿನ ಮೈ ಹುಡುಕುವ, ಕಚ್ಚಿ ಜ್ವರ ಹಚ್ಚುವ ಆ ಉಣ್ಣೆ ಹುಳದ ಚಿತ್ರವನ್ನು ನೀನು ನಮ್ಮ ಅಡುಗೆಮನೆಯ ಗೋಡೆಗೇ ಅಂಟಿಸಿ ಹೋಗಿದ್ದೆ. ಅದೇ ಗೋಡೆಯ ಕೆಳಗೆ ಅವಳು ಅರಿಶಿನ ಕಲಸಿದ್ದಳು.

ಆಮೇಲಾದರೂ ಫೋನ್ ಮಾಡಬಹುದಿತ್ತು. ವಿನೋದ ಕೈ ಹಿಡಿದುಕೊಂಡ. 'ಅಪ್ಪಾ, ಈಗ ಮಾಡಿದ್ರ ನಾಳೆ ಬೋರ್ಡ್ ನಿಲ್ತೈತಿ. ಯಲ್ಲಾಪುರದಾವ್ರು ನಾಡದ ನಿಶ್ಚಯಕ್ಕ ಬರಾಕತ್ತಾರ. ನೀವ ಹೇಳ್ರಿ, ನಿಮ್ಮ ಮೊಮ್ಮಗಳ ಹಣ್ಯಾಗ ಏನ್ ಬರೀಲಿ?' ಸಂಜೆ ಕಟ್ಟೆಯ ಮೇಲೆ ಹಿರಿಯರು ಸೇರಿದರು. ಇದು ಬರೀ ನಮ್ಮ ಮನೆಯ ಮದುವೆಯ ಮಾತಾಗಿರಲಿಲ್ಲ. ಎಲ್ಲರ ಶುಂಠಿಯ ಮಡಿಯೂ ಸೊಪ್ಪಿಗೆ ಬಾಯಿ ಬಿಟ್ಟಿತ್ತು. ಯಾರೂ ಏನೂ ನೋಡಿಲ್ಲ ಎಂದು ತೀರ್ಮಾನವಾಯಿತು. ಮಾತು ಕೊಟ್ಟದ್ದಕ್ಕೆ ಗುರುತಾಗಿ ಎಲೆ ಅಡಿಕೆ ಹಂಚಿದರು. ನನ್ನ ಕೈಗೂ ಬಂತು. 'ಡಾಕ್ಟರಮ್ಮನ ಅಪ್ಪಾರು ಹಾಕ್ಕೊಂಡ್ರ ಎಲ್ಲಾರೂ ಹಾಕ್ಕೊಂಡಂಗ' ಎಂದು ಯಾರೋ ಅಂದರು. ಹಾಕಿಕೊಂಡೆ. ಆಮೇಲೆ ಹಿಂದಿನ ಕಾಡಿನ ಅಂಚಿನಲ್ಲಿ ಇನ್ನೂ ಎರಡು ಸತ್ತವು. ಅವಕ್ಕೆ ಮಣ್ಣು ಕೊಡುವ ಧೈರ್ಯವೂ ಯಾರಿಗೂ ಬರಲಿಲ್ಲ. ಸೊಪ್ಪು ಎಳೆದು ಮುಚ್ಚಿ ಬಂದಿದ್ದಾರೆ.

ಸಿದ್ದವ್ವ ಒಂದು ವಾರಕ್ಕೆ ಮಲಗಿದಳು. ತಲೆ ಸಿಡಿಯುವ ನೋವು, ಸೊಂಟ ಮುರಿದ ಹಾಗೆ, ಕಣ್ಣು ಕೆಂಡ. ಇಂಜೆಕ್ಷನ್ ಸೂಜಿ ಚುಚ್ಚುವವರೊಬ್ಬರನ್ನು ಮನೆಗೇ ಕರೆಸಿದೆವು. ಅವರು ಟೈಫಾಯ್ಡ್ ಇರಬಹುದು ಎಂದರು. ಮಂಗನ ವಿಷಯ ನಾವು ಹೇಳಲಿಲ್ಲ. ಹೇಳದಿದ್ದರೆ ಅವರಾದರೂ ಹೇಗೆ ತಿಳಿದಾರು? ಆಮೇಲೆ ಜ್ವರ ಬಿಟ್ಟಿತು. ಎದ್ದು ಕೂತಳು, ಗಂಜಿ ಕುಡಿದಳು, ಶ್ಯಾವಿಗೆ ಹೊಸೆಯಲು ಹಟ ಮಾಡಿದಳು. ಮನೆಯಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಒಮ್ಮೆ ಬಿಟ್ಟು ಮತ್ತೆ ಬರುವುದೇ ಇದರ ಮೋಸ, ಎರಡನೇ ಸಲ ಬಂದರೆ ತಲೆಗೆ ಏರುತ್ತದೆ ಎಂದು ನೀನು ಯಾವಾಗಲೋ ಹೇಳಿದ್ದು ಕಿವಿಯಲ್ಲೇ ಇತ್ತು. ನಿನ್ನೆಯಿಂದ ಮತ್ತೆ ಬಂದಿದೆ. ಇವತ್ತು ಬೆಳಿಗ್ಗೆ ನನ್ನನ್ನು ತೀರಿಹೋದ ತನ್ನ ಗಂಡನ ಹೆಸರು ಹಿಡಿದು ಕರೆದಳು. ನೀನು ಶಿರಸಿಯಲ್ಲಿ ಪಿಯುಸಿ ಓದುವಾಗ ದಿನಾ ಬುತ್ತಿ ಕಟ್ಟಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದಳಲ್ಲ, 'ಬಸ್ ಬಂತ ನೋಡ್ರಿ, ದಾಕ್ಷೂಗ ಹಸಿವಿ' ಎಂದು ಹಾಸಿಗೆಯಿಂದ ಏಳಲು ನೋಡಿದಳು.

ಈ ಜ್ವರದ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಬಾಗಿಲ ಮೇಲೆ ಬಾಗಿಲು, ಒಳಗೆ ಹೋಗುವವರಿಗೆ ಚಂದ್ರಲೋಕಕ್ಕೆ ಹೋಗುವವರ ಹಾಗೆ ಅಂಗಿ ಎಂದು ನೀನು ಹೇಳಿದ್ದೆ. ಇಲ್ಲಿ ಹಿಂದಿನ ಖೋಲಿಗೆ ಇರುವುದು ಒಂದೇ ಬಾಗಿಲು. ಪ್ರತಿಭಾ ಅದಕ್ಕೆ ಹೊರಗಿನಿಂದ ಚಿಲಕ ಹಾಕಿದ್ದಾಳೆ, ಬೀಗರು ಬಂದಾಗ ಸಿದ್ದವ್ವ ಏನಾದರೂ ಬಡಬಡಿಸುತ್ತ ಹೊರಗೆ ಬಂದಾಳೆಂದು. ಅವಳು ಕೆಟ್ಟವಳಲ್ಲ. ಎರಡು ತಾಸಿಗೊಮ್ಮೆ ಒಳಗೆ ಹೋಗಿ ಒದ್ದೆ ಬಟ್ಟೆ ಬದಲಿಸುತ್ತಾಳೆ, ಹೊರಗೆ ಬಂದು ಒಲೆಯ ಮುಂದೆ ಕೂತು ಅಳುತ್ತಾಳೆ. 'ಮಾವಾರ, ಮದುವಿ ಆಗೂತನಾ ತಡೀರಿ. ಅಕ್ಷತಿ ಬಿದ್ದ ಮರುಗಳಿಗಿ ನಾನ ದವಾಖಾನಿಗೆ ಕರಕೊಂಡ ಹೋಕ್ಕೀನಿ, ನಿಮ್ಮ ಪಾದಾ ಮುಟ್ಟಿ ಹೇಳ್ತೀನಿ' ಎಂದಳು.

ಈ ಮನೆಯಲ್ಲಿ ನನಗೆ ಚಿಲಕವಿಲ್ಲ, ಆದರೂ ಹೊರಗೆ ಹೋಗುವ ದಾರಿಯಿಲ್ಲ. ಕಾಲೇಜಿನಲ್ಲಿ ಲಾಜಿಕ್ ಹೇಳುತ್ತಿದ್ದ ಪ್ರೊಫೆಸರರು ಡೈಲೆಮ್ಮಾಕ್ಕೆ, ಅಂದರೆ ಇಕ್ಕಟ್ಟಿಗೆ, ಎರಡು ಕೊಂಬು ಎನ್ನುತ್ತಿದ್ದರು. ಹಿಂದಿನ ಬೆಂಚಿನ ನಾವೆಲ್ಲ ಎತ್ತು ಕಟ್ಟಿ ಬಂದವರು, ಕೊಂಬಿನ ಮಾತು ತಕ್ಷಣ ತಿಳಿಯಿತು. ಆದರೆ ಎರಡರ ನಡುವೆ ಹೇಗೆ ನಿಲ್ಲುವುದೆಂದು ಹೇಳುವ ಮೊದಲೇ ನಾನು ಓದು ಬಿಟ್ಟು ಸೊಸಾಯಿಟಿಯ ಕೆಲಸಕ್ಕೆ ಸೇರಿದೆ. ಮಾತಾಡಿದರೆ ದೀಕ್ಷಿತಾಳ ಹಂದರ ಬೀಳುತ್ತದೆ, ಊರಿನ ಶುಂಠಿ ಒಣಗುತ್ತದೆ, ಹಾಕಿಕೊಂಡ ಎಲೆ ಅಡಿಕೆಗೆ ಉಗಿದ ಹಾಗಾಗುತ್ತದೆ, ನಿನ್ನ ಭಾಷಣದ ಸೊನ್ನೆಯೂ ಹೋಗುತ್ತದೆ. ಸುಮ್ಮನಿದ್ದರೆ ಸಿದ್ದವ್ವ. ಅಷ್ಟೇ ಆಗಿದ್ದರೆ ದೇವರ ಮೇಲೆ ಭಾರ ಹಾಕಿ ಹೇಡಿಯ ಹಾಗೆ ಕೂತಿರುತ್ತಿದ್ದೆನೋ ಏನೋ. ಆದರೆ ನಾಳೆ ಬೆಳಿಗ್ಗೆ ಹಂದರಕ್ಕೆ ಸೊಪ್ಪು ಕಡಿಯಲು ಹುಡುಗರೆಲ್ಲ ಹೊರಟಿದ್ದಾರೆ. ಯಾವ ಕಾಡಿಗೆ ಎಂದು ಕೇಳಬೇಡ. ಆ ಎರಡು ಮಂಗ ಬಿದ್ದಿರುವ ಅಂಚಿಗೇ. ದೂರ ಹೋದರೆ ಕಂಡವರು ಕೇಳುತ್ತಾರೆ, ಹತ್ತಿರದ ಸೊಪ್ಪು ಬಿಟ್ಟು ಯಾಕೆ ಬಂದಿರಿ ಎಂದು.

ಆದ್ದರಿಂದ ನಿನ್ನಲ್ಲಿ ಒಂದು ಹೈಪೊಥೆಟಿಕಲ್ ಕ್ವೆಶ್ಚನ್. ಊರೆಲ್ಲ ಬಾಯಿ ಮುಚ್ಚಿಕೊಂಡಾಗ ಒಬ್ಬ ಬಾಯಿ ತೆರೆದರೆ ನಿಮ್ಮ ಕಾನೂನಿನಲ್ಲಿ ಅವನಿಗೇನು ವ್ಯವಸ್ಥೆ ಇದೆ? ಅವನ ಮೊಮ್ಮಗಳಿಗೆ? ಅಷ್ಟು ದೇಶದವರು ಕೂತು ರೋಗದ ಮಾತಾಡುವಾಗ ಈ ಪ್ರಶ್ನೆಯನ್ನು ಯಾರಾದರೂ ಎತ್ತುತ್ತಾರೆಯೇ? ನೀನು ಇದಕ್ಕೆ ಉತ್ತರ ಬರೆದು ಅದು ನನಗೆ ಮುಟ್ಟುವಷ್ಟರಲ್ಲಿ ಇಲ್ಲಿ ಏನಾಗಿರುತ್ತದೋ ಗೊತ್ತಿಲ್ಲ. ಕೇಳುವುದಕ್ಕೆ ಇನ್ನು ಯಾರೂ ಇಲ್ಲದ್ದರಿಂದ ನಿನ್ನನ್ನು ಕೇಳಿದ್ದೇನೆ. ನಿನ್ನ ಅವ್ವ ಇದ್ದಿದ್ದರೆ ಇಷ್ಟು ಹೊತ್ತಿಗೆ ನನ್ನನ್ನು ಬೈದು ಎಬ್ಬಿಸಿರುತ್ತಿದ್ದಳು.

ಅಳಿಯಂದಿರಿಗೆ ನನ್ನ ನಮಸ್ಕಾರ, ಪ್ರಥಮನಿಗೆ ಮುತ್ತು. ಬಸವಣ್ಣ ನಿನ್ನನ್ನು ಕಾಯಲಿ. ಕುತ್ತಿಗೆಗೆ ಎಣ್ಣೆ ಮರೆಯಬೇಡ.

ಯುವರ್ ಅಫೆಕ್ಷನೇಟ್ ಫಾದರ್,
ದ್ಯಾಮಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ದೀಕ್ಷಿತಾ ಶೆಡ್ಡಿಗೆ ಓಡಿ ಬಂದಳು. ಚಿಲಕ ತೆಗೆದವಳು ಅವಳೇ. ಸಿದ್ದವ್ವನ ಕೈಕಾಲು ಸೆಟೆದು ನಡುಗುತ್ತಿದ್ದವು, ಕಣ್ಣು ಮೇಲಕ್ಕೆ ಹೋಗಿದ್ದವು. 'ಅಜ್ಜಾ, ನನ್ನ ಮದುವೀ ಸಲುವಾಗಿ ಸಾಯಾಕ ಬಿಡ್ತೀರೇನ ಆಕೀನ?' ಎಂದಳು. ಕಾಗದ ಒಯ್ಯಲು ಬಂದು ನಿಂತಿದ್ದ ಕೆರಿಯಪ್ಪನ ಫೋನ್ ಇಸಿದುಕೊಂಡೆ. ನಿನ್ನ ನಂಬರು ನನಗೆ ಬಾಯಿಗೆ ಬರುವುದಿಲ್ಲ, ಆಂಬುಲೆನ್ಸಿನ ನೂರಾ ಎಂಟು ಬರುತ್ತದೆ. ಫೋನ್ ಎತ್ತಿದ ಹೆಣ್ಣುಮಗಳು ಏನಾಗಿದೆ ಎಂದಳು. ಬರೀ ಜ್ವರ ಎನ್ನಬಹುದಿತ್ತು. ಸತ್ತ ಮಂಗನನ್ನು ತೊಳೆದಿದ್ದಾಳೆ, ಒಟ್ಟು ಮೂರು ಸತ್ತಿವೆ, ಎರಡು ಇನ್ನೂ ಕಾಡಿನಂಚಿನಲ್ಲೇ ಇವೆ ಎಂದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಗಾಡಿ ಬೇಗ ಕಳಿಸವ್ವಾ ಎಂದೆ.

ಈಗಷ್ಟೇ ಗಾಡಿ ಹೋಯಿತು. ದೀಕ್ಷಿತಾ ಜೊತೆಗೆ ಹತ್ತಿದಳು, ಪ್ರತಿಭಾ ತಡೆಯಲಿಲ್ಲ. ವಿನೋದ ಹಂದರದ ಗಳಗಳ ಮೇಲೆ ಕೂತು ಯಲ್ಲಾಪುರದವರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾನೆ. ಮಾತಾಡುವುದೇನು, ಹೌದ್ರಿ ಹೌದ್ರಿ ಎನ್ನುತ್ತಿದ್ದಾನೆ. ಅವನನ್ನು ಫೋನ್ ಕೊಡು ಎಂದು ಕೇಳುವ ಮುಖ ನನಗಿಲ್ಲ. ಅಂಗಳದಲ್ಲಿ ಜನ ಸೇರಿದ್ದಾರೆ, ಯಾರೂ ಬೈಯುತ್ತಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ನಿನ್ನನ್ನು ಬಾ ಎಂದು ಬರೆಯಲು ಹೊರಟೆ. ಬರಬೇಡ. ಬಂದರೆ ಡಾಕ್ಟರಮ್ಮ ತನ್ನ ಮನೆಯವರಿಗಾಗಿ ಬಂದಳು ಎನ್ನುತ್ತಾರೆ. ಜಿನೀವಾಕ್ಕೆ ಹೋಗು, ಸೊನ್ನೆ ಎನ್ನಬೇಡ, ಆ ಕತ್ತರಿಸಿದ ಸಾಲನ್ನು ಓದಿ ಹೇಳು. ಈ ಕಾಗದ ಮುಟ್ಟುವ ಮೊದಲೇ ನಿನ್ನ ಕಂಪ್ಯೂಟರಿಗೆ ನಮ್ಮೂರಿನ ಹೊಸ ಲೆಕ್ಕ ಬಂದಿರುತ್ತದೆ: ಮಂಗ ಮೂರು, ಹೆಂಗಸು ಒಬ್ಬಳು. ಹೆಸರು ಬರೆದಿರುವುದಿಲ್ಲ. ನೀನು ಓದಿ ಮುಂದಿನ ಊರಿನ ಲೆಕ್ಕಕ್ಕೆ ಹೋಗಿರುತ್ತೀ. ಹಿಂದಕ್ಕೆ ಹೋಗಿ ನಮ್ಮೂರಿನ ಸಾಲನ್ನು ಇನ್ನೊಮ್ಮೆ ನೋಡು, ಮಗಳೇ. ಅದು ನಮ್ಮ ಸಿದ್ದವ್ವ.